ಮಾತು ಬದಲಿಸೋರನ್ನೇ ನಂಬಿ

"ಈ ವಿಜ್ಞಾನಿಗಳು ಇವತ್ತೊಂದು ಹೇಳ್ತಾರೆ, ನಾಳೆ ಇನ್ನೊಂದು. ನಂಬೋದು ಹೇಗೆ ಗುರು?" ಆಫೀಸಿನ ಕಾಫಿ ಮಷೀನ್ ಮುಂದೆ, ವಾಟ್ಸಾಪ್ ಗ್ರೂಪಿನಲ್ಲಿ ಈ ಡೈಲಾಗ್ ಕೇಳದ ವಾರವಿಲ್ಲ. ಹೇಳುವವರ ಮುಖದಲ್ಲಿ ಏನೋ ಗುಟ್ಟು ರಟ್ಟು ಮಾಡಿದ ಖುಷಿ ಬೇರೆ. ಅಂಥವರಿಗೆ ನಾನು ನಿಯೋಡಿಮಿಯಮ್ ಕತೆ ಹೇಳ್ತೀನಿ.

ಭೂಮಿ ಹುಟ್ಟಿದಾಗ ಅದರಲ್ಲಿ ಸಮೇರಿಯಮ್-146 ಎಂಬ ಐಸೊಟೋಪ್ ಇತ್ತು. ಸುಮಾರು 10 ಕೋಟಿ ವರ್ಷಕ್ಕೊಮ್ಮೆ ಅದು ಅರ್ಧದಷ್ಟು ಕ್ಷಯಿಸಿ ನಿಯೋಡಿಮಿಯಮ್-142 ಆಗುತ್ತದೆ. ಮೊದಲ 50 ಕೋಟಿ ವರ್ಷದಲ್ಲೇ ಅದರ ಆಟ ಹೆಚ್ಚುಕಡಿಮೆ ಮುಗಿಯಿತು. ಅದಕ್ಕೇ ಅದು ಭೂಮಿಯ ಎಳವೆಯನ್ನು ಅಳೆಯೋ ಗಡಿಯಾರ. ಬಂಡೆ ಅರೆಬರೆ ಕರಗಿದಾಗ ನಿಯೋಡಿಮಿಯಮ್ ದ್ರವದ ಜೊತೆ ತುಸು ಹೆಚ್ಚು ಹೋಗುತ್ತೆ, ಸಮೇರಿಯಮ್ ಗಟ್ಟಿ ಭಾಗದಲ್ಲಿ ತುಸು ಹೆಚ್ಚು ಉಳಿಯುತ್ತೆ. ಗಡಿಯಾರ ನಡೀತಿದ್ದಾಗಲೇ ಹೀಗೆ ಬೇರ್ಪಟ್ಟಿದ್ದರೆ, ಆ ಗಟ್ಟಿ ಭಾಗದಲ್ಲಿ 142ರ ಪಾಲು ಮುಂದೆ ಏರಿರುತ್ತದೆ.

2005ರಲ್ಲಿ ಮೋಡ್ ಬೊಯೆ ಮತ್ತು ರಿಚರ್ಡ್ ಕಾರ್ಲ್‌ಸನ್ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು: ಭೂಮಿಯ ಬಂಡೆಗಳಲ್ಲಿ ಈ ಪಾಲು ಕಾಂಡ್ರೈಟ್ ಉಲ್ಕೆಗಳಿಗಿಂತ ಹತ್ತು ಲಕ್ಷಕ್ಕೆ 20ರಷ್ಟು ಹೆಚ್ಚು. ಅಂದರೆ ಸೌರವ್ಯೂಹ ಹುಟ್ಟಿ 3 ಕೋಟಿ ವರ್ಷದೊಳಗೇ ಮ್ಯಾಂಟಲ್ ಪಾಲಾಗಿತ್ತು. ಒಂದು ಪಾಲು ಆಳದಲ್ಲೆಲ್ಲೋ ಅಡಗಿ ಕೂತಿದೆ. ಆ ಪಾಲನ್ನು ಕಂಡವರಿಲ್ಲ. ಅದು ಅಡಗಿಲ್ಲ, ಡಿಕ್ಕಿಗಳಲ್ಲಿ ಭೂಮಿ ಅದನ್ನು ಕಳಕೊಂಡಿದೆ ಅಂತ ವಾದಿಸಿದವರೂ ಇದ್ದರು.

2016ರಲ್ಲಿ 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಪ್ರಬಂಧ ಬಂದವು. ವ್ಯತ್ಯಾಸ ಇರೋದು ನಿಜ, ಆದರೆ ಅದರ ಬಹುಪಾಲು ಕ್ಷಯದಿಂದ ಬಂದಿದ್ದಲ್ಲ. ಭೂಮಿಯನ್ನೂ ಉಲ್ಕೆಗಳನ್ನೂ ಕಟ್ಟಿದ ನಕ್ಷತ್ರಗಳ ಧೂಳೇ ಸ್ವಲ್ಪ ಬೇರೆ. ಮನೆ ಪಾಲಾದದ್ದಕ್ಕೆ ಅಕ್ಕಿಯ ರುಚಿ ಬೇರೆಯಾಗಿಲ್ಲ ಸ್ವಾಮಿ, ತರುವಾಗಲೇ ಅಂಗಡಿ ಬೇರೆ! ಆ ಎರಡರಲ್ಲಿ ಒಂದು ಪ್ರಬಂಧವನ್ನು ಬರೆದವರು ಆಡ್ರಿ ಬೂವಿಯೆ ಮತ್ತು ಅದೇ ಮೋಡ್ ಬೊಯೆ.

ಇದನ್ನ 'ಮಾತು ಬದಲಿಸಿದರು' ಅಂತೀರಾ? ಅನ್ನಿ. ಆದರೆ ಹತ್ತು ಲಕ್ಷಕ್ಕೆ 20 ಅನ್ನೋ ಅಳತೆ ಬಿದ್ದುಹೋಗಲಿಲ್ಲ. ಬಿದ್ದದ್ದು ಅದಕ್ಕೆ ಕೊಟ್ಟ ಅರ್ಥ. ಗಡಿಯಾರವೂ ಕೆಟ್ಟಿಲ್ಲ. ಗ್ರೀನ್‌ಲ್ಯಾಂಡಿನ ಇಸುವಾದ ಹಳೇ ಬಂಡೆಗಳಲ್ಲಿ 142ರ ಪಾಲು ಇವತ್ತಿನ ಭೂಮಿಯ ಬಂಡೆಗಳಿಗಿಂತಲೂ ಹೆಚ್ಚಿದೆ. ಎರಡೂ ಭೂಮಿಯದೇ, ಅಲ್ಲಿ ಧೂಳಿನ ನೆಪ ನಡೆಯಲ್ಲ. ಮ್ಯಾಂಟಲ್ ಬೇಗನೆ ಬೇರ್ಪಟ್ಟಿದ್ದಕ್ಕೆ ಆ ಸಾಕ್ಷಿ ಇನ್ನೂ ಗಟ್ಟಿಯಾಗಿದೆ.

ನಾಳೆ 2016ರ ಮಾತೂ ಬದಲಾಗಬಹುದಲ್ವಾ ಅಂತ ಕೇಳ್ತೀರಿ. ಆಗಬಹುದು. ಆದರೆ ಅದಕ್ಕೆ ಯಾರೋ ಇನ್ನೂ ನಿಖರವಾಗಿ ಅಳೆಯಬೇಕು, ಫಾರ್ವರ್ಡ್ ಮಾಡಿದರೆ ಸಾಲದು.

ಪುಣ್ಯಕೋಟಿಯ ಕತೆ ಕೇಳಿ ಬೆಳೆದ ನಮಗೆ ಆಡಿದ ಮಾತು ತಪ್ಪೋದು ಪಾಪ. ಸರಿ, ಆದರೆ ವಿಜ್ಞಾನಿ ಮಾತು ಕೊಟ್ಟಿರೋದು ತನ್ನ ಹಳೇ ಪ್ರಬಂಧಕ್ಕಲ್ಲ, ಪುರಾವೆಗೆ. ನಿಮ್ಮ ರಿವ್ಯೂ ಮೀಟಿಂಗಿನಲ್ಲಿ "ನಾನು ಹಿಂದೆ ಹೇಳಿದ್ದು ತಪ್ಪು, ಡೇಟಾ ಇಲ್ಲಿದೆ ನೋಡಿ" ಅಂತ ಎದ್ದು ನಿಂತವರನ್ನು ಕೊನೇ ಸಲ ಯಾವಾಗ ನೋಡಿದ್ರಿ? ನಾನಂತೂ ಒಮ್ಮೆಯೂ ಹಾಗೆ ಎದ್ದು ನಿಂತಿಲ್ಲ.