ಮೇಲಿನ ಮನೆಯ ಸದ್ದು, ಕೆಳಗಿನ ಬಾಡಿಗೆದಾರನ ನಿದ್ದೆ

ಕಾಣಕೋಣ: ಇಲ್ಲಿನ ಚಾವಡಿ ಪೇಟೆಯ ಸುತ್ತಮುತ್ತ ಬಾಡಿಗೆಗೆ ಫ್ಲ್ಯಾಟ್ ಹುಡುಕುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮೂರು. ತಿಂಗಳ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಬೇಸಿಗೆಯಲ್ಲಿ ನೀರು ಸರಿಯಾಗಿ ಬರುತ್ತದೆಯೇ? ಮೇಲಿನ ಮಹಡಿಯಲ್ಲಿ ಯಾರಿದ್ದಾರೆ ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಅದಕ್ಕೆ ಉತ್ತರ ಸಿಗುವುದು ಸಾಮಾನು ಇಳಿಸಿ, ಹಾಲು ಉಕ್ಕಿಸಿ, ಮೊದಲ ರಾತ್ರಿ ಮಲಗಿದ ಮೇಲೆ.

ಕುರ್ಚಿ ಎಳೆಯುವ ಸದ್ದು, ಬಚ್ಚಲಲ್ಲಿ ಬಕೆಟ್ ಕುಕ್ಕುವ ಸದ್ದು, ಮಕ್ಕಳು ಮಂಚದಿಂದ ನೆಲಕ್ಕೆ ಹಾರುವ ಸದ್ದು, ನಡುರಾತ್ರಿಯ ಟಿವಿ. ಒಂದೊಂದಾಗಿ ನೋಡಿದರೆ ಎಲ್ಲವೂ ಸಣ್ಣ ಸಂಗತಿಗಳೇ. ಆದರೆ ಹತ್ತನೇ ತರಗತಿಯ ಮಗು ಪರೀಕ್ಷೆಗೆ ಕುಳಿತಿರುವ ಮನೆಯಲ್ಲಿ, ನಸುಕಿಗೆ ಎದ್ದು ಕೆಲಸಕ್ಕೆ ಹೋಗುವವರ ಮನೆಯಲ್ಲಿ, ಹೃದ್ರೋಗಿ ಹಿರಿಯರಿರುವ ಮನೆಯಲ್ಲಿ ಇದೇ ಸಣ್ಣ ಸಂಗತಿ ತಿಂಗಳೊಪ್ಪತ್ತಿನಲ್ಲಿ ಮನೆ ಖಾಲಿ ಮಾಡುವ ಮಟ್ಟಕ್ಕೆ ಬರುತ್ತದೆ. ಪೋಳೆಂ ಗಡಿ ದಾಟಿ ಬಂದ ಮಾಜಾಳಿ, ಕಾರವಾರ, ಅಂಕೋಲೆಯವರಿಗೆ, ಘಟ್ಟದ ಮೇಲಿನಿಂದ ದುಡಿಯಲು ಬಂದವರಿಗೆ ಇನ್ನೊಂದು ಅಂಜಿಕೆಯೂ ಇದೆ. ಪರ ಊರಿನಲ್ಲಿ ದೂರು ಕೊಟ್ಟು ಇರುವ ಮನೆಯನ್ನೂ ಕಳೆದುಕೊಂಡರೆ?

ಸಮಸ್ಯೆಯ ಮೂಲ ಇರುವುದು ಇಲ್ಲಿಯೇ. ಕಾನೂನು ಧ್ವನಿವರ್ಧಕದ ಸದ್ದನ್ನು ಕೇಳಿಸಿಕೊಳ್ಳುತ್ತದೆ, ತಲೆಯ ಮೇಲಿನ ಹೆಜ್ಜೆ ಸದ್ದನ್ನು ಬಹುಮಟ್ಟಿಗೆ ಕೇಳಿಸಿಕೊಳ್ಳುವುದಿಲ್ಲ. ಈ ಕೊರತೆ ತುಂಬಬೇಕಾದವು ಬಾಡಿಗೆ ಕರಾರು, ಸೊಸೈಟಿ ಮತ್ತು ನೆರೆಹೊರೆಯ ಮಾತುಕತೆ. ಇವುಗಳಲ್ಲಿ ಬಾಡಿಗೆದಾರನ ಮಾತಿಗೆ ಬೆಲೆ ಬರಬೇಕಿದ್ದರೆ ಕೆಲವು ವಿಷಯಗಳನ್ನು ಮೊದಲೇ ತಿಳಿದಿರಬೇಕು.

ಹಂಚಿನ ಮನೆಯಿಂದ ಸ್ಲ್ಯಾಬಿನ ಮನೆಗೆ

ಗಡಿಯ ಆಚೆಗೂ ಈಚೆಗೂ ಹಳೆಯ ಮನೆ ಎಂದರೆ ಚಿರೆಕಲ್ಲಿನ ಗೋಡೆ, ಹಂಚಿನ ಮಾಡು, ಸುತ್ತ ತೆಂಗಿನ ಮರ. ತಲೆಯ ಮೇಲೆ ಸದ್ದಾದರೆ ಅದು ಅಟ್ಟದ ಇಲಿಯದು, ಇಲ್ಲವೇ ಮಾಡಿನ ಮೇಲೆ ಹಾರುವ ಮಂಗನದು. ನೆರೆಮನೆಗೂ ತನ್ನ ಮನೆಗೂ ನಡುವೆ ಅಂಗಳವಿತ್ತು, ಬೇಲಿಯಿತ್ತು. ಜಗಳವಾದರೂ ಬೇಲಿಯ ಬಗ್ಗೆ ಆಗುತ್ತಿತ್ತು. ಒಬ್ಬರ ನೆಲವೇ ಇನ್ನೊಬ್ಬರ ಮಾಡಾಗುವ ಬದುಕು ಈ ಭಾಗಕ್ಕೆ ಇತ್ತೀಚಿನದು.

ಕಾಂಕ್ರೀಟ್ ಕಟ್ಟಡದಲ್ಲಿ ಸದ್ದು ಎರಡು ಬಗೆಯಲ್ಲಿ ಸಾಗುತ್ತದೆ. ಮಾತು, ಹಾಡು, ಟಿವಿಯ ಸದ್ದು ಗಾಳಿಯಲ್ಲಿ ಬರುತ್ತದೆ. ಕಿಟಕಿ ಬಾಗಿಲು ಮುಚ್ಚಿದರೆ ಸ್ವಲ್ಪವಾದರೂ ತಗ್ಗುತ್ತದೆ. ಹೆಜ್ಜೆ, ಕುರ್ಚಿಯ ಕಾಲು, ಬಿದ್ದ ಪಾತ್ರೆಯ ಸದ್ದು ಹಾಗಲ್ಲ. ಪೆಟ್ಟು ನೇರವಾಗಿ ಸ್ಲ್ಯಾಬಿಗೆ ಬೀಳುವುದರಿಂದ ಸ್ಲ್ಯಾಬು, ತೊಲೆ, ಕಂಬ, ಗೋಡೆ ಎಲ್ಲವೂ ಅದನ್ನು ಹೊತ್ತು ತರುತ್ತವೆ. ಆದ್ದರಿಂದ ಕೆಳಗಿನವರು ಕಿಟಕಿ ಮುಚ್ಚಿಯೂ ಪ್ರಯೋಜನವಿಲ್ಲ. ಅದನ್ನು ತಡೆಯಬೇಕಾದ ಜಾಗ ಮೇಲಿನ ಮನೆಯ ನೆಲ. ಇನ್ನೊಂದು ವಿಚಿತ್ರವೂ ಉಂಟು. ನೆತ್ತಿಯ ಮೇಲೆಯೇ ಕೇಳಿದಂತೆ ಅನಿಸುವ ಸದ್ದು ಕೆಲವೊಮ್ಮೆ ಪಕ್ಕದ ಮನೆಯದೋ, ನೀರಿನ ಪಂಪಿನದೋ ಆಗಿರುತ್ತದೆ. ಜಗಳಕ್ಕೆ ಹೋಗುವ ಮುನ್ನ ಇದನ್ನು ಖಚಿತ ಮಾಡಿಕೊಳ್ಳುವುದು ಒಳ್ಳೆಯದು.

2014ರ ಜನವರಿ 4ರಂದು ಚಾವಡಿಯಲ್ಲಿ ನಿರ್ಮಾಣ ಹಂತದಲ್ಲಿದ್ದ ಬಹುಮಹಡಿ ಕಟ್ಟಡ ಕುಸಿದು 31 ಮಂದಿ ಜೀವ ಕಳೆದುಕೊಂಡರು. ಅಂದಿನಿಂದ ಕಾಣಕೋಣದಲ್ಲಿ ಫ್ಲ್ಯಾಟ್ ನೋಡಲು ಹೋದವರಿಗೆ ಕಟ್ಟಡ ಗಟ್ಟಿಯಾಗಿದೆಯೇ ಎಂಬ ಚಿಂತೆ ಸಹಜವಾಗಿದೆ, ಅದು ಇರಲೇಬೇಕು. ಆದರೆ ಕಟ್ಟಡ ನಿಂತರೆ ಸಾಲದು, ಅದರೊಳಗೆ ಮನುಷ್ಯರು ಬಾಳಲು ಆಗಬೇಕು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಸದ್ದು ತಡೆಯುವ ಬಗ್ಗೆ ಪ್ರತ್ಯೇಕ ವಿಭಾಗವೇ ಇದೆ. ಅದು ಶಿಫಾರಸು ಮಾತ್ರ. ಮಾರುವವರು ಟೈಲ್ಸಿನ ಹೊಳಪು ತೋರಿಸುತ್ತಾರೆ, ಆ ಟೈಲ್ಸಿನ ಕೆಳಗೆ ಸದ್ದು ತಡೆಯುವ ಪದರ ಇದೆಯೇ ಎಂದು ಕೊಳ್ಳುವವರೂ ಕೇಳುವುದಿಲ್ಲ.

ಪ್ರವಾಸಿ ಊರಿನ ಎರಡು ಗಡಿಯಾರ

ಕಾಣಕೋಣ ಪ್ರವಾಸಿಗರನ್ನು ನಂಬಿದ ತಾಲೂಕು. ಮಳೆಗಾಲ ಮುಗಿದೊಡನೆ ಪಾಳೊಳೆಂ, ಪಾಟ್ನೆಂ, ಆಗೊಂದ ಕಡಲತೀರಗಳಲ್ಲಿ ಗುಡಿಸಲುಗಳು ಏಳುತ್ತವೆ. ಹೋಟೆಲಿನ ಅಡುಗೆಯವರು, ವೇಟರುಗಳು, ಟ್ಯಾಕ್ಸಿ ಚಾಲಕರು ಮನೆ ಸೇರುವಾಗ ರಾತ್ರಿ ಒಂದೋ ಎರಡೋ ಗಂಟೆ. ಸ್ನಾನ, ಊಟ, ಪಾತ್ರೆ ಎಲ್ಲ ಆಗಬೇಕಾದ್ದು ಆಗಲೇ. ಅವರ ಕೆಳಗಿನ ಮನೆಯಲ್ಲಿ ಬೆಳಿಗ್ಗೆ ಐದಕ್ಕೆ ಏಳುವ ಶಿಕ್ಷಕಿಯೋ ಮೀನು ಮಾರುವವರೋ ಇದ್ದರೆ ಒಬ್ಬರ ಊಟದ ಹೊತ್ತು ಇನ್ನೊಬ್ಬರ ನಿದ್ದೆಯ ಹೊತ್ತು. ಇಲ್ಲಿ ತಪ್ಪಿತಸ್ಥರು ಯಾರೂ ಇಲ್ಲ. ಮೇಲಿನವನೂ ಬಾಡಿಗೆದಾರನೇ, ಕೆಳಗಿನವನೂ ಬಾಡಿಗೆದಾರನೇ.

ಇನ್ನೊಂದು ಬಗೆಯ ಮೇಲಿನ ಮನೆಯವರೂ ಇದ್ದಾರೆ. ದಿನದ ಲೆಕ್ಕದಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಬಿಡುವ ಫ್ಲ್ಯಾಟುಗಳಲ್ಲಿ ವಾರಕ್ಕೊಂದು ಹೊಸ ತಂಡ. ಇಂದು ಹೇಳಿ ಸುಮ್ಮನಾಗಿಸಿದರೆ ನಾಳೆ ಬೇರೆಯವರು ಬಂದಿರುತ್ತಾರೆ. ಇಲ್ಲಿ ಮಾತನಾಡಬೇಕಾದ್ದು ಅತಿಥಿಯ ಜೊತೆಗಲ್ಲ, ಮಾಲೀಕನ ಜೊತೆಗೆ. ಗೋವಾದಲ್ಲಿ ಪ್ರವಾಸಿಗರಿಗೆ ವಸತಿ ಕೊಡುವ ವ್ಯವಹಾರ 1982ರ ಪ್ರವಾಸಿ ವ್ಯಾಪಾರ ನೋಂದಣಿ ಕಾಯ್ದೆಗೆ ಒಳಪಟ್ಟಿದೆ. ಅಂಥ ಫ್ಲ್ಯಾಟು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿದೆಯೇ ಎಂದು ವಿಚಾರಿಸುವುದು ಕೆಳಗಿನವರ ಕೈಯಲ್ಲಿರುವ ಒಂದು ದಾರಿ.

ಕಾನೂನು ಹೇಳುವುದೇನು?

ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು ಜಾರಿಗೆ ಬಂದದ್ದು 2000ದಲ್ಲಿ. ಇದು ಕೇಂದ್ರದ ನಿಯಮವಾದ್ದರಿಂದ ಪೋಳೆಂಗೂ ಮಾಜಾಳಿಗೂ ಒಂದೇ. ವಸತಿ ಪ್ರದೇಶದಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಸಾಧಾರಣ ಮಾತುಕತೆಯೇ ಸುಮಾರು 60 ಡೆಸಿಬಲ್ ಇರುತ್ತದೆ ಎಂದರೆ ಈ ಮಿತಿ ಎಷ್ಟು ಬಿಗಿ ಎಂದು ತಿಳಿಯಬಹುದು. ಖಾಸಗಿ ಜಾಗದ ಸಂಗೀತ ವ್ಯವಸ್ಥೆಯ ಸದ್ದು ಆ ಜಾಗದ ಗಡಿಯಲ್ಲಿ ಈ ಮಿತಿಗಿಂತ 5 ಡೆಸಿಬಲ್‌ಗಿಂತ ಹೆಚ್ಚು ಮೀರಬಾರದು. 2005ರ ಜುಲೈ 18ರಂದು ಸುಪ್ರೀಂ ಕೋರ್ಟು ನೀಡಿದ ತೀರ್ಪು, ಶಬ್ದದ ಉಪದ್ರವವಿಲ್ಲದೆ ಬದುಕುವುದನ್ನು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೆ ಸೇರಿಸಿತು.

ಈ ಹತ್ತು ಗಂಟೆಯ ನಿಯಮ ಎಷ್ಟು ಕೆಲಸ ಮಾಡಬಲ್ಲದು ಎಂಬುದಕ್ಕೆ ಪಾಳೊಳೆಂನಲ್ಲೇ ಸಾಕ್ಷಿ ಇದೆ. ರಾತ್ರಿ ಧ್ವನಿವರ್ಧಕಕ್ಕೆ ತಡೆ ಬಿದ್ದಾಗ ಇಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಣಿಯುವ ಪಾರ್ಟಿಗಳು ಶುರುವಾದವು. ಕುಣಿಯುವವರಿಗೆ ಹಾಡು ಸಿಕ್ಕಿತು, ಊರಿಗೆ ನಿದ್ದೆ ಸಿಕ್ಕಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಆದರೆ ಮೇಲಿನ ಮನೆಯ ಹೆಜ್ಜೆಗೆ ಹೆಡ್‌ಫೋನ್ ಇಲ್ಲ. ನಿಯಮದ ಲೆಕ್ಕ ಇರುವುದು ಪ್ರದೇಶದ ಒಟ್ಟು ಸದ್ದಿನದು, ಒಂದು ಕೋಣೆಯ ಚಾವಣಿಯದಲ್ಲ. ದೂರು ಕೊಡಲು ಸದ್ದು ಮಿತಿಗಿಂತ 10 ಡೆಸಿಬಲ್ ಅಥವಾ ಹೆಚ್ಚು ಇರಬೇಕು, ಇಲ್ಲವೇ ರಾತ್ರಿಯ ನಿರ್ಬಂಧ ಮುರಿದಿರಬೇಕು. ಮೊಬೈಲ್ ಆ್ಯಪ್ ತೋರಿಸುವ ಅಂಕಿ ಅಂದಾಜಿಗೆ ಸರಿ, ಅದನ್ನೇ ಪುರಾವೆ ಎಂದು ನಂಬಿ ಕೂರಬಾರದು. ಮಗು ಓಡುವುದು ಅಪರಾಧವಲ್ಲ, ನಿದ್ದೆ ಬಾರದ ಅಜ್ಜ ರಾತ್ರಿ ಎದ್ದು ನಡೆಯುವುದೂ ಅಪರಾಧವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 292ನೇ ಕಲಂ ಸಾರ್ವಜನಿಕ ಉಪದ್ರವಕ್ಕೆ 1000 ರೂಪಾಯಿವರೆಗೆ ದಂಡ ಹೇಳುತ್ತದೆ. ಅಲ್ಲಿಯೂ 'ಸಾರ್ವಜನಿಕ' ಎಂಬ ಶಬ್ದವೇ ಮುಖ್ಯ. ಒಂದೇ ಮನೆಗೆ ಆಗುವ ತೊಂದರೆ ಅದರೊಳಗೆ ಸುಲಭವಾಗಿ ಬರುವುದಿಲ್ಲ. ಅದಕ್ಕೆ ಉಳಿಯುವುದು ಸಿವಿಲ್ ದಾವೆ. 11 ತಿಂಗಳ ಕರಾರಿನವನು ದಾವೆ ಹೂಡಿದರೆ ತೀರ್ಪಿಗಿಂತ ಮೊದಲು ಕರಾರೇ ಮುಗಿದಿರುತ್ತದೆ.

ಬಾಡಿಗೆದಾರನ ಸ್ಥಾನ ಎಲ್ಲಿ?

ಗೋವಾ ತನ್ನ ಮಣ್ಣಿನಲ್ಲಿ ನೆಲೆಸಿದವರನ್ನು ಕಾಪಾಡಲು ಹಿಂಜರಿದ ರಾಜ್ಯವಲ್ಲ. ಗೇಣಿದಾರರಿಗಾಗಿ 1964ರಲ್ಲಿ, ಭಾಟಕಾರರ ಜಾಗದಲ್ಲಿ ಮನೆ ಕಟ್ಟಿಕೊಂಡ ಮುಂಡಕಾರರಿಗಾಗಿ 1975ರಲ್ಲಿ ಕಾಯ್ದೆಗಳು ಬಂದವು. ಆದರೆ ಇಂದಿನ ಫ್ಲ್ಯಾಟಿನ ಬಾಡಿಗೆದಾರ ಆ ಸಾಲಿನಲ್ಲಿ ನಿಲ್ಲುವವನಲ್ಲ. ಅವನ ಕೈಯಲ್ಲಿರುವುದು 11 ತಿಂಗಳ ಒಂದು ಕಾಗದ. ಅದರಲ್ಲಿ ಬಾಡಿಗೆ ತಪ್ಪಿದರೆ ಏನು, ಗೋಡೆಗೆ ಮೊಳೆ ಹೊಡೆದರೆ ಏನು ಎಂದೆಲ್ಲ ಬರೆದಿರುತ್ತದೆ. ಬಾಡಿಗೆದಾರನ ನೆಮ್ಮದಿ ಕೆಟ್ಟರೆ ಏನು ಎಂದು ಬರೆದಿರುವುದು ಅಪರೂಪ.

ಸೊಸೈಟಿಯ ಸದಸ್ಯತ್ವ ಫ್ಲ್ಯಾಟಿನ ಮಾಲೀಕನದು. ಮಾಲೀಕ ಮುಂಬಯಿಯಲ್ಲೋ ವಿದೇಶದಲ್ಲೋ ಇದ್ದರೆ ಸಭೆಯಲ್ಲಿ ಬಾಡಿಗೆದಾರನ ಪರ ಮಾತಾಡುವವರಿಲ್ಲ. ನೆರೆಯವರಿಗೆ ಉಪದ್ರವ ಕೊಡುವ ಬಾಡಿಗೆದಾರನನ್ನು ತೆರವುಗೊಳಿಸಲು ದೇಶದ ಬಹುತೇಕ ಬಾಡಿಗೆ ಕಾಯ್ದೆಗಳಲ್ಲಿ ಅವಕಾಶವಿದೆಯಾದರೂ ಆ ಅಧಿಕಾರ ಅವನ ಮಾಲೀಕನದೇ ಹೊರತು ಕೆಳಗಿನ ಮನೆಯವನದಲ್ಲ. ತಿಂಗಳ ಬಾಡಿಗೆ ಸರಿಯಾಗಿ ಬರುತ್ತಿರುವಾಗ ಯಾವ ಮಾಲೀಕ ಆ ಗೋಜಿಗೆ ಹೋಗುತ್ತಾನೆ? ಒಟ್ಟಿನಲ್ಲಿ ಇಬ್ಬರು ಮಾಲೀಕರ ನಡುವೆ ಕೂಸು ಬಡವಾಗುತ್ತದೆ.

ಯಾವ ಬಾಗಿಲು ಮೊದಲು?

ಹೀಗಿರುವಾಗ ಕ್ರಮ ತಪ್ಪದೆ ಹೋಗುವುದೇ ಬಾಡಿಗೆದಾರನಿಗೆ ಲಾಭ. ಮೊದಲ ಬಾಗಿಲು ಮೇಲಿನ ಮನೆಯದು. ಸದ್ದಾಗುತ್ತಿರುವ ಹೊತ್ತಿನಲ್ಲಿ, ಸಿಟ್ಟಿನಲ್ಲಿ ಹೋಗಬಾರದು. ಮರುದಿನ ಹಗಲಲ್ಲಿ ಹೋಗಿ, 'ನೀವು ತುಂಬಾ ಗಲಾಟೆ ಮಾಡುತ್ತೀರಿ' ಎನ್ನುವ ಬದಲು 'ರಾತ್ರಿ ಹನ್ನೊಂದರ ಮೇಲೆ ಕುರ್ಚಿ ಎಳೆದದ್ದು ಕೆಳಗೆ ಜೋರಾಗಿ ಕೇಳುತ್ತದೆ' ಎಂದರೆ ಕೇಳುವವರಿಗೂ ಏನು ಮಾಡಬೇಕೆಂದು ತಿಳಿಯುತ್ತದೆ. ತಮ್ಮ ಸದ್ದು ಕೆಳಗೆ ಹೇಗೆ ಕೇಳುತ್ತದೆ ಎಂಬುದು ಬಹಳಷ್ಟು ಮಂದಿಗೆ ಗೊತ್ತೇ ಇರುವುದಿಲ್ಲ. ಕುರ್ಚಿ ಮೇಜುಗಳ ಕಾಲಿಗೆ ರಬ್ಬರ್ ಬುಡ, ಮಕ್ಕಳು ಆಡುವ ಜಾಗಕ್ಕೆ ದಪ್ಪ ಚಾಪೆ, ಬಟ್ಟೆ ಒಗೆಯುವ ಮಶೀನಿನ ಕೆಳಗೆ ರಬ್ಬರ್ ತುಂಡು, ಇವು ದುಬಾರಿಯಲ್ಲ. ಪೆಟ್ಟಿನ ಸದ್ದಿಗೆ ಇವುಗಳಷ್ಟು ನೇರವಾದ ಮದ್ದು ಬೇರೆ ಇಲ್ಲ. ಈ ಮಾತು ಕೊಂಕಣಿಯಲ್ಲಿ ಆದರೆ ಅರ್ಧ ಬಿಗುವು ಅಲ್ಲೇ ಸಡಿಲವಾಗುತ್ತದೆ. ಎರಡೂ ಭಾಷೆ ಬಲ್ಲ ಗಡಿಭಾಗದ ಜನರಿಗೆ ಇದು ದೊಡ್ಡ ಅನುಕೂಲ.

ಅದರಿಂದ ಆಗದಿದ್ದರೆ ಎರಡು ವಾರ ದಿನಾಂಕ, ಸಮಯ, ಸದ್ದಿನ ಬಗೆ ಬರೆದಿಟ್ಟು ತನ್ನ ಮಾಲೀಕನಿಗೆ ಲಿಖಿತವಾಗಿ ತಿಳಿಸಬೇಕು. ಮೇಲಿನ ಫ್ಲ್ಯಾಟಿನ ಮಾಲೀಕನಿಗೂ ಸೊಸೈಟಿಯ ಕಾರ್ಯದರ್ಶಿಗೂ ಅದರ ಪ್ರತಿ ಹೋಗಲಿ. ರಾತ್ರಿ 10ರ ನಂತರ ಜೋರಾದ ಹಾಡು, ಕುಡಿದು ಕೂಗಾಟ ಇದ್ದರೆ ಕಾಯಬೇಕಾಗಿಲ್ಲ, 112ಕ್ಕೆ ಕರೆ ಮಾಡಬಹುದು. ಶಬ್ದ ನಿಯಮದ ಪ್ರಕಾರ ಜಿಲ್ಲಾಧಿಕಾರಿಗೆ ಅಥವಾ ಡಿವೈಎಸ್ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕೃತ ಅಧಿಕಾರಿಗೆ ಲಿಖಿತ ದೂರು ಕೊಡಬಹುದು. ಬಾಡಿಗೆದಾರರ ಪರಿಶೀಲನಾ ಅರ್ಜಿಯನ್ನು ಮಾಲೀಕ ಪೊಲೀಸರಿಗೆ ಕೊಟ್ಟಿದ್ದಾನೆಯೇ ಎಂದು ಮೊದಲೇ ನೋಡಿಕೊಂಡರೆ ದೂರು ಕೊಡಲು ಹೋದವನೇ ಪ್ರಶ್ನೆಗೆ ಉತ್ತರಿಸುವ ಸ್ಥಿತಿ ಬರುವುದಿಲ್ಲ.

ಮಾಡಬಾರದ್ದೂ ಇವೆ. ಕೋಲಿನಿಂದ ಚಾವಣಿಗೆ ಕುಟ್ಟುವುದು, ಸೇಡಿಗೆ ಹಾಡು ಹಾಕುವುದು, ಅಸಮಾಧಾನಕ್ಕೆ ಬಾಡಿಗೆ ತಡೆಹಿಡಿಯುವುದು ದೂರುದಾರನನ್ನೇ ಆರೋಪಿಯನ್ನಾಗಿ ಮಾಡುತ್ತವೆ.

ಆಗಬೇಕಾದ್ದೇನು?

ಈ ಜಗಳಗಳಿಗೆ ಬೇಕಿರುವುದು ಠಾಣೆಗಿಂತ ಹತ್ತಿರದ, ಕೋರ್ಟಿಗಿಂತ ಬೇಗದ ಒಂದು ಜಗಲಿ. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಒಂದು ಪ್ರದೇಶದ ನಿವಾಸಿಗಳ ಶಾಂತಿಗೆ ಭಂಗ ತರುವಂಥ ವ್ಯಾಜ್ಯಗಳಿಗಾಗಿ ಸಮುದಾಯ ಮಧ್ಯಸ್ಥಿಕೆ ಎಂಬ ಅಧ್ಯಾಯವನ್ನೇ ಸಂಸತ್ತು ಸೇರಿಸಿದೆ. ಕಾನೂನು ಸೇವೆಗಳ ಸಮಿತಿಗಳು 1987ರ ಕಾಯ್ದೆಯಡಿ ತಾಲೂಕು ಮಟ್ಟದವರೆಗೆ ಇವೆ. ಇವೆರಡನ್ನೂ ಜೋಡಿಸಿ ಕಾಣಕೋಣದಂಥ ಊರಿನಲ್ಲಿ ಕೊಂಕಣಿ, ಕನ್ನಡ, ಹಿಂದಿ ಬಲ್ಲವರನ್ನು ಕೂರಿಸಿದರೆ ಎಷ್ಟೋ ಮನೆಗಳು ಖಾಲಿಯಾಗುವುದು ತಪ್ಪುತ್ತದೆ. ಸೊಸೈಟಿಗಳು ಬಾಡಿಗೆದಾರರ ಅಹವಾಲು ಕೇಳಲು ತಿಂಗಳಿಗೊಮ್ಮೆ ಅರ್ಧ ಗಂಟೆ ಕೊಟ್ಟರೂ ಸಾಕು, ಅದಕ್ಕೆ ಹೊಸ ಕಾನೂನು ಬೇಕಾಗಿಲ್ಲ.

ಅಲ್ಲಿಯವರೆಗೆ ಬಾಡಿಗೆದಾರನೇ ಮಾಡಿಕೊಳ್ಳಬಹುದಾದ ಕೆಲಸ ಒಂದಿದೆ. ಕರಾರಿಗೆ ಸಹಿ ಹಾಕುವ ಮೊದಲು ಎರಡು ಸಾಲು ಸೇರಿಸಲು ಕೇಳುವುದು. ರಾತ್ರಿಯ ಸದ್ದಿನ ಬಗ್ಗೆ ಲಿಖಿತ ದೂರು ಕೊಟ್ಟರೆ ಮಾಲೀಕ ಸೊಸೈಟಿಯಲ್ಲಿ ಅದನ್ನು ಎತ್ತಬೇಕು. ತಿಂಗಳೊಳಗೆ ಪರಿಹಾರವಾಗದಿದ್ದರೆ ಬಾಡಿಗೆದಾರ ಅವಧಿಗೆ ಮೊದಲೇ ಮನೆ ಬಿಡಬಹುದು, ಅಡ್ವಾನ್ಸ್ ಪೂರ್ತಿ ವಾಪಸು ಸಿಗಬೇಕು. ಮಾಲೀಕ ಒಪ್ಪಿದರೆ ಒಳ್ಳೆಯದು. ಒಪ್ಪದಿದ್ದರೆ ಆ ಫ್ಲ್ಯಾಟಿಗೆ ಸಂಜೆ ಎಂಟರ ಮೇಲೆ ಇನ್ನೊಮ್ಮೆ ಹೋಗಿ, ಕಾಲು ಗಂಟೆ ಸುಮ್ಮನೆ ನಿಂತು ಮೇಲಿನ ಸದ್ದು ಕೇಳಿ, ಆಮೇಲೆ ನಿರ್ಧರಿಸುವುದು ಲೇಸು.