ಆಟಕ್ಕೊಂದು ಸೂರು

ಏಪ್ರಿಲ್ ಬಂತೆಂದರೆ ರಾಯಚೂರಿನ ರಸ್ತೆಗಳು ಬೆಳಗಿನ ಹನ್ನೊಂದಕ್ಕೇ ಬಿಕೋ ಎನ್ನುತ್ತವೆ. ಉಷ್ಣಾಂಶ 42, 43 ಡಿಗ್ರಿ ಮುಟ್ಟುವುದು ಇಲ್ಲಿ ಸುದ್ದಿಯೇ ಅಲ್ಲ. ಮಕ್ಕಳಿಗೆ ಪೂರಾ ಬಿಡುವು ಸಿಗುವುದೂ ಇದೇ ಬಿಸಿಲಿನ ದಿನಗಳಲ್ಲಿ. ಹೀಗಾಗಿ ಈ ಜಿಲ್ಲೆಯಲ್ಲಿ ಮಕ್ಕಳ ಆಟಕ್ಕೆ ಮೈದಾನ ಎಷ್ಟು ಮುಖ್ಯವೋ ಸೂರೂ ಅಷ್ಟೇ ಮುಖ್ಯ. ಆಟವೆಂದ ಕೂಡಲೇ ನಮ್ಮ ಆಡಳಿತಕ್ಕೆ ಕ್ರೀಡಾಂಗಣ, ಉದ್ಯಾನಗಳು ನೆನಪಾಗುತ್ತವೆ; ನಡುಹಗಲಿನ ಐದಾರು ತಾಸು ಅವೆರಡೂ ಕಾದ ಹೆಂಚು. ಒಂದು ಕಾಲಕ್ಕೆ ಈ ಸೀಮೆಯ ಅನೇಕ ಮಕ್ಕಳಿಗೆ ಆಟದ ಸೂರು ಇತ್ತು, ಈಗ ಅದು ಕಣ್ಮರೆಯಾಗಿದೆ. ಅದಕ್ಕಾಗಿ ಹಿರಿಯರು ಹಂಬಲಿಸಿದರೆ ಹಳೆಯದರ ಮೋಹವೆಂದು ತಳ್ಳಿಹಾಕುವುದು ಸುಲಭ. ಆದರೆ ಆ ಹಂಬಲದಲ್ಲಿ ಇಂದಿನ ಮಕ್ಕಳ ಪರವಾದ ಒಂದು ನ್ಯಾಯವಾದ ಬೇಡಿಕೆಯಿದೆ.

ಆ ಸೂರು ಯಾವುದಾಗಿತ್ತು? ಊರೊಳಗಿನ ಮಾಳಿಗೆ ಮನೆಯ ಪಡಸಾಲೆ, ಗುಡಿಯ ಮಂಟಪ. ಶಹಾಬಾದ್ ಪರಸಿಯ ಮೇಲೆ ಇದ್ದಿಲಿನಿಂದ ಐದೈದರ ಚೌಕ ಗೀಚಿ, ನಾಲ್ಕೂ ಬದಿಯ ನಡುಮನೆಗಳಿಗೆ ಮತ್ತು ಮಧ್ಯದ ಮನೆಗೆ ಕಾಟು ಹೊಡೆದರೆ ಚೌಕಾಬಾರದ ಹಾಸು ತಯಾರು. ನಾಲ್ಕು ಕವಡೆ, ಕಾಯಿಗೆ ಬಳೆಚೂರೋ ಹುಣಸೆಬೀಜವೋ. ನಾಲ್ವರು ಆಡುತ್ತಿದ್ದರೆ ಎಂಟು ಜನ ಸುತ್ತ ಕೂತು ಯಾವ ಕಾಯಿ ನಡೆಸಬೇಕೆಂದು ಹೇಳಿಕೊಡುತ್ತಿದ್ದರು. ಆರು ವರ್ಷದ ಮಗು ಹನ್ನೆರಡು ವರ್ಷದವನ ಕಾಯಿ ಕಡಿದರೆ ಅವನು ಅದನ್ನು ಒಪ್ಪಲೇಬೇಕಿತ್ತು. ಇದು ಬಹಳ ಹಳೆಯ ರೂಢಿ. ಹಂಪಿಯ ಮಂಟಪಗಳ ನೆಲಹಾಸಿನಲ್ಲಿ ಇಂಥ ಆಟದ ಮನೆಗಳನ್ನು ಕಲ್ಲಿನಲ್ಲೇ ಕೊರೆದಿರುವುದನ್ನು ಇಂದಿಗೂ ನೋಡಬಹುದು. ದುಡ್ಡು ಬೇಡ, ಮೇಲ್ವಿಚಾರಕರು ಬೇಡ, ಕೂಗಿದರೆ ಕೇಳುವಷ್ಟು ದೂರದಲ್ಲಿ ದೊಡ್ಡವರು ಇದ್ದರೆ ಸಾಕು. ಆರ್‌ಸಿಸಿ ಮನೆಗಳಲ್ಲಿ ಪಡಸಾಲೆ ಉಳಿಯಲಿಲ್ಲ. ಗುಡಿಗಳಿಗೆ ಕಬ್ಬಿಣದ ಗೇಟು ಬಂತು. ಆ ಜಾಗಕ್ಕೆ ಮೊದಲು ಟಿ.ವಿ., ಆಮೇಲೆ ಮೊಬೈಲ್ ಬಂದು ಕೂತವು.

ಈ ಕೊರತೆಯನ್ನು ಮಾರುಕಟ್ಟೆ ತುಂಬುತ್ತದೆ ಎನ್ನುವವರಿದ್ದಾರೆ. ಬೆಂಗಳೂರು, ಹೈದರಾಬಾದಿನ ಮಾಲ್‌ಗಳಲ್ಲಿ ಬಣ್ಣದ ಚೆಂಡುಗಳ ಹೊಂಡ, ಜಾರುಬಂಡೆ, ವಿಡಿಯೊ ಆಟಗಳಿರುವ ಕೇಂದ್ರಗಳನ್ನು ಅವರು ತೋರಿಸುತ್ತಾರೆ. ಆದರೆ ಅಂಗಡಿಯಾದ ಆಟದ ಮನೆ ಲಾಭ ಇರುವಷ್ಟು ದಿನ ಮಾತ್ರ ತೆರೆದಿರುತ್ತದೆ. ಅಮೆರಿಕದಲ್ಲಿ 1989ರಲ್ಲಿ ಶುರುವಾದ ಒಳಾಂಗಣ ಆಟದ ಕೇಂದ್ರಗಳ ಸರಪಳಿ ‘ಡಿಸ್ಕವರಿ ಝೋನ್’ ಕೆಲವೇ ವರ್ಷಗಳಲ್ಲಿ ನೂರಾರು ಕೇಂದ್ರಗಳಿಗೆ ಬೆಳೆದು, 1996ರಲ್ಲಿ ದಿವಾಳಿ ಅರ್ಜಿ ಹಾಕಿ, 1999ರ ಹೊತ್ತಿಗೆ ಬಾಗಿಲು ಮುಚ್ಚಿತು. ಅಲ್ಲಿ ಆಡಿ ಬೆಳೆದ ಮಕ್ಕಳು ನಡುವಯಸ್ಸಿಗೆ ಬಂದರೂ ಅದನ್ನು ನೆನೆಯುತ್ತಾರೆ. ನಮ್ಮಲ್ಲಿ ಇದಕ್ಕಿಂತ ಘೋರವಾದ ಪಾಠವೂ ಇದೆ. 2024ರ ಮೇ 25ರಂದು ಗುಜರಾತಿನ ರಾಜಕೋಟ್‌ನಲ್ಲಿ, ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವೇ ಇಲ್ಲದೆ ನಡೆಯುತ್ತಿದ್ದ ಆಟದ ಕೇಂದ್ರಕ್ಕೆ ಬೆಂಕಿ ಬಿದ್ದು ಮಕ್ಕಳೂ ಸೇರಿ 27 ಮಂದಿ ಸುಟ್ಟುಹೋದರು. ಇನ್ನು ನಮ್ಮ ಜಿಲ್ಲೆಯ ದೇವದುರ್ಗದಂಥ ತಾಲ್ಲೂಕು. ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ವರದಿ ಕೊಟ್ಟ ನಂಜುಂಡಪ್ಪ ಸಮಿತಿ ಅದನ್ನು ಅತ್ಯಂತ ಹಿಂದುಳಿದವುಗಳ ಸಾಲಿಗೆ ಸೇರಿಸಿತ್ತು. ತಾಸಿಗಿಷ್ಟು ಎಂದು ಟಿಕೆಟ್ ಕೊಳ್ಳಬೇಕಾದ ಆಟದ ಮನೆ ಅಲ್ಲಿನ ಕೂಲಿಕಾರರ ಮಕ್ಕಳನ್ನು ಒಳಗೆ ಬಿಡುವುದುಂಟೆ?

ಬಡವರ ಮಕ್ಕಳಿಗೆ ಸೂರಿನಡಿಯ ಆಟ ದಕ್ಕಿದ್ದು ಯಾರಾದರೂ ಅದರ ಹೊಣೆ ಹೊತ್ತಾಗಲೇ. ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮಿನ ಕಾರ್ಮಿಕರ ವಠಾರದಲ್ಲಿ ತೆರೆದದ್ದು ಅಂಥದ್ದೇ ಕೋಣೆ. ತಾಯ್ತಂದೆ ದುಡಿಯಲು ಹೋದಾಗ ಮಕ್ಕಳು ಎಲ್ಲಿರಬೇಕು ಎಂಬ ಪ್ರಶ್ನೆಯಿಂದ ಅದು ಹುಟ್ಟಿತು. ನಮ್ಮಲ್ಲಿ 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಬಂದು, ಅಂಗನವಾಡಿ ಊರೂರಿಗೆ ಹಬ್ಬಿತು. ಆ ಕೋಣೆ ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮುಂದೆಯೇ ಪುರಾವೆ ಇದೆ. ಕೊರೊನಾ ಕಾಲದಲ್ಲಿ, 2020ರ ಮಾರ್ಚಿನಲ್ಲಿ ಮುಚ್ಚಿದ ರಾಜ್ಯದ ಅಂಗನವಾಡಿಗಳು ಮಕ್ಕಳಿಗೆ ಮತ್ತೆ ತೆರೆದದ್ದು 2021ರ ನವೆಂಬರಿನಲ್ಲಿ. ಆ ಅವಧಿಯಲ್ಲಿ ಆಹಾರ ಧಾನ್ಯವನ್ನು ಮನೆಮನೆಗೆ ತಲುಪಿಸುವ ವ್ಯವಸ್ಥೆಯಾಯಿತು, ಅದು ಮೆಚ್ಚತಕ್ಕದ್ದೇ. ಆದರೆ ಆಟವನ್ನು ಚೀಲದಲ್ಲಿ ಕಟ್ಟಿ ಮನೆಗೆ ಮುಟ್ಟಿಸಲು ಬರುವುದಿಲ್ಲ. ಅದಕ್ಕೆ ಜಾಗ ಬೇಕು, ಜೊತೆಗಾರರು ಬೇಕು, ಕಣ್ಣಿಟ್ಟು ನೋಡುವ ಒಬ್ಬ ಅಕ್ಕ ಬೇಕು. ಕೇಂದ್ರ ತೆರೆದ ಮೇಲೂ ಆ ಅಕ್ಕನ ಹೊತ್ತೆಲ್ಲ ಸಮೀಕ್ಷೆ, ದಾಖಲೆ, ಪೋಷಣ್ ಟ್ರ್ಯಾಕರ್ ಆ್ಯಪ್‌ಗಳಲ್ಲಿ ಹಂಚಿಹೋದರೆ ಆಟಕ್ಕೆ ಉಳಿಯುವುದೆಷ್ಟು?

ಮೊದಲು ಅನ್ನ, ನೀರು, ಶಾಲೆಗೆ ಮೇಷ್ಟ್ರು. ಆಮೇಲೆ ಆಟ ಎನ್ನುವ ಆಕ್ಷೇಪ ಬಲವಾದದ್ದು. ಅಪೌಷ್ಟಿಕತೆಯಿಂದ ನಲುಗಿದ ಜಿಲ್ಲೆಯಲ್ಲಿ ಅದನ್ನು ಹಗುರವಾಗಿ ಕಾಣಲಾಗದು. ಆದರೆ ಅನ್ನಕ್ಕೂ ಆಟಕ್ಕೂ ಇಲ್ಲಿ ಸ್ಪರ್ಧೆಯಿಲ್ಲ. ಬಿಸಿಯೂಟ ಕೊಡುವ ಕೋಣೆಯಲ್ಲೇ ಆಟ ನಡೆಯುತ್ತದೆ. ಆಟದ ಆಸೆಗೆ ಬಂದ ಮಗು ಊಟಕ್ಕೂ ಸಿಗುತ್ತದೆ, ತೂಕಕ್ಕೂ ಲಸಿಕೆಗೂ ಸಿಗುತ್ತದೆ. ಮಕ್ಕಳು ಮಣ್ಣಿನಲ್ಲಿ, ಬಯಲಿನಲ್ಲೇ ಆಡಬೇಕು ಎಂಬುದು ಎರಡನೆಯ ಮಾತು. ಸಂಜೆಗೆ ಅದು ಸರಿ, ನಡುಹಗಲಿಗೆ ಸಲ್ಲದು. ಮೂರನೆಯ ಆಕ್ಷೇಪವೇ ನಿಜಕ್ಕೂ ಮುಖ್ಯ: ಹಳೆಯ ಪಡಸಾಲೆ ಎಲ್ಲರದ್ದಾಗಿತ್ತೇ? ಆಗಿರಲಿಲ್ಲ. ದಲಿತರ ಮಗುವಿಗೆ ಗುಡಿಯ ಮಂಟಪ ಹೊರಗಿನಿಂದ ನೋಡುವ ಜಾಗವಾಗಿತ್ತು. ಹನ್ನೆರಡು ತುಂಬಿದ ಹುಡುಗಿಗೆ ಆಟ ಬಿಟ್ಟು ಕೊಡ ಹಿಡಿಯುವ ಕಾಲ ಬರುತ್ತಿತ್ತು. ಆದ್ದರಿಂದಲೇ ಪಡಸಾಲೆ ಮರಳಿ ಬರಲಿ ಎನ್ನುವುದು ಸಾಲದು. ಅದು ಕೊಡುತ್ತಿದ್ದ ನೆರಳು, ಬಿಡುವು, ಜೊತೆ ಈ ಸಲ ಹುಟ್ಟು ಕೇಳದೆ ಎಲ್ಲರಿಗೂ ಸಿಗಬೇಕು. ಆಡುವುದು ಮಗುವಿನ ಹಕ್ಕು ಎಂದು ಸಾರುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿಕೊಂಡಿದೆ.

ಇದಕ್ಕೆ ಹೊಸ ಕಟ್ಟಡಗಳ ಮೆರವಣಿಗೆ ಬೇಕಿಲ್ಲ. ಉದ್ಯೋಗ ಖಾತ್ರಿ ಕೂಲಿಕಾರ ತಾಯಂದಿರ ಪುಟ್ಟ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿತು. ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿವೆ. ಕೂಸಿಗೆ ಒಂದು ಮನೆ, ಓದುಗರಿಗೆ ಒಂದು ಕೋಣೆ ಆಯಿತು. ಆರರಿಂದ ಹದಿನಾಲ್ಕರ ನಡುವಿನ ಮಕ್ಕಳು ಮಾತ್ರ ಬಿಸಿಲಲ್ಲೇ ಉಳಿದರು. ಮಾನ್ವಿ, ದೇವದುರ್ಗದ ಕಡೆ ಹತ್ತಿ ಬಿಡಿಸುವ ಕಾಲಕ್ಕೆ ತಾಯಿಯ ಜೊತೆ ಹೊಲಕ್ಕೆ ಹೋಗುವವರೂ, ಗುಳೆ ಹೋದ ತಂದೆ ತಾಯಿಯನ್ನು ಕಾಯುತ್ತ ಅಜ್ಜಿಯ ಬಳಿ ಉಳಿಯುವವರೂ ಈ ವಯಸ್ಸಿನವರೇ. ಅರಿವು ಕೇಂದ್ರವನ್ನೋ ಶಾಲೆಯ ಎರಡು ಕೋಣೆಗಳನ್ನೋ ರಜೆಯುದ್ದಕ್ಕೂ ನಡುಹಗಲು ತೆರೆದಿಡಲಿ. ಫ್ಯಾನು, ಕುಡಿಯುವ ನೀರು, ಕೇರಂ, ಚೆಸ್, ಚೌಕಾಬಾರದ ಹಾಸು, ಗೌರವಧನ ಪಡೆಯುವ ಊರಿನದೇ ಒಬ್ಬ ಹೆಣ್ಣುಮಗಳು ಇದ್ದರೆ ಆಯಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇದು ಹೊರಲಾರದ ಭಾರವಲ್ಲ. ಆಟದ ಮನೆ ಅಂಗಡಿಯಾಗಿದ್ದಾಗ ಅದರ ಆಯುಷ್ಯವನ್ನು ಲಾಭ ತೀರ್ಮಾನಿಸಿತು. ಪಡಸಾಲೆಯಾಗಿದ್ದಾಗ ಅದರ ಬಾಗಿಲನ್ನು ಜಾತಿ ಕಾಯಿತು. ಪಂಚಾಯಿತಿಯ ಲೆಕ್ಕಪುಸ್ತಕದಲ್ಲಿ ಅದೊಂದು ಕಾಯಂ ಖರ್ಚಾದರೆ, ಅದು ನಿಂತುಹೋದ ದಿನ ಯಾಕೆ ನಿಲ್ಲಿಸಿದಿರಿ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳುವ ಅಧಿಕಾರವಾದರೂ ತಾಯಂದಿರಿಗೆ ಇರುತ್ತದೆ.