ವಾಣಿಜ್ಯ ಓದಿದವರಿಗೆ ಯಂತ್ರವಿದ್ಯೆ ಬೇಡವೇ?

ಭಾನುವಾರದ ಬಲಿಪೂಜೆ ಮುಗಿದ ಬಳಿಕ ದೇವಾಲಯದ ಅಂಗಳದಲ್ಲಿ ನಾಲ್ವರು ಪಾಲಕರು ಸೇರಿದರೆ ಮಾತು ತಾನಾಗಿಯೇ ಮಕ್ಕಳ ಉದ್ಯೋಗದ ಕಡೆಗೆ ಹೊರಳುತ್ತದೆ. ಶಿವಮೊಗ್ಗ ಮತ್ತು ಭದ್ರಾವತಿಗಳಲ್ಲಿ ಈಚಿನ ವರ್ಷಗಳಲ್ಲಿ ಈ ಮಾತುಕತೆಗೆ ಹೊಸದೊಂದು ಚಿಂತೆ ಸೇರಿಕೊಂಡಿದೆ. ಮಗನೋ ಮಗಳೋ ಎಂ.ಬಿ.ಎ. ಪದವಿ ಪಡೆದು ಮನೆಗೆ ಬಂದಾಗಿದೆ. ಒಂದೆರಡು ಕಡೆ ಕೆಲಸ ಮಾಡಿಯೂ ಆಗಿದೆ. ಈಗ ಕಂಪ್ಯೂಟರ್ ವಿದ್ಯೆಯನ್ನೋ ಯಂತ್ರೋಪಕರಣಗಳ ವಿದ್ಯೆಯನ್ನೋ ಮೊದಲಿನಿಂದ ಕಲಿಯುತ್ತೇನೆಂಬ ಹಂಬಲ. "ಹಾಗಾದರೆ ಎರಡು ವರ್ಷ ಸಾಲ ಮಾಡಿ ಓದಿಸಿದ್ದು ಏತಕ್ಕೆ?" ಎಂಬುದು ತಂದೆಯ ಪ್ರಶ್ನೆ. ಈ ಪ್ರಶ್ನೆಯನ್ನು ಸಿಟ್ಟಿನಿಂದ ಕೇಳಿ ಮುಗಿಸುವ ಬದಲು ಕುಟುಂಬವೆಲ್ಲ ಕುಳಿತು ವಿಚಾರಿಸುವ ಕಾಲ ಬಂದಿದೆ.

ಮೊದಲಿಗೆ, ನಾವು ಈ ಸ್ಥಿತಿಗೆ ಬಂದ ಹಾದಿಯನ್ನು ನೆನೆಯಬೇಕು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಮತ್ತು 1936ರಲ್ಲಿ ಸ್ಥಾಪನೆಗೊಂಡ ಮೈಸೂರು ಕಾಗದ ಕಾರ್ಖಾನೆ, ಇವೆರಡೂ ಭದ್ರಾವತಿಯ ಮನೆಮನೆಗೆ ಅನ್ನ ನೀಡಿದವು. ತಂದೆ ಪಾಳಿಯ ಕೆಲಸಕ್ಕೆ ಹೋಗುತ್ತಿದ್ದ ದ್ವಾರದಲ್ಲಿಯೇ ಮಗನೂ ಪ್ರವೇಶಿಸುವುದು ಸಹಜವಾಗಿತ್ತು. ಆ ದ್ವಾರಗಳು ಒಂದೊಂದಾಗಿ ಮುಚ್ಚುತ್ತ ಬಂದವು. 2015ರಲ್ಲಿ ಕಾಗದದ ಉತ್ಪಾದನೆ ನಿಂತಿತು. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಬಂದು 1998ರಲ್ಲಿ ಅದರಲ್ಲಿ ವಿಲೀನಗೊಂಡ ವಿಶ್ವೇಶ್ವರಯ್ಯ ಉಕ್ಕಿನ ಕಾರ್ಖಾನೆಯನ್ನು ಖಾಸಗಿಯವರಿಗೆ ಮಾರಲು 2016ರಲ್ಲಿ ಕೇಂದ್ರ ಸರಕಾರ ತಾತ್ವಿಕ ಒಪ್ಪಿಗೆ ನೀಡಿತು. ಆ ಪ್ರಯತ್ನ 2022ರಲ್ಲಿ ಕೈಬಿಟ್ಟುಹೋಯಿತು. 2023ರ ಜನವರಿಯಲ್ಲಿ ಕಾರ್ಖಾನೆಯನ್ನೇ ಮುಚ್ಚುವ ತೀರ್ಮಾನ ಹೊರಬಿತ್ತು. ಸಾವಿರಕ್ಕೂ ಹೆಚ್ಚು ಗುತ್ತಿಗೆ ಕಾರ್ಮಿಕರು ಬೀದಿಗಿಳಿದು ಹೋರಾಡಿದ ಬಳಿಕ ಅದೇ ವರ್ಷದ ಆಗಸ್ಟ್‌ನಲ್ಲಿ ಒಂದು ವಿಭಾಗದಲ್ಲಿ ಕೆಲಸ ಪುನರಾರಂಭವಾಯಿತು. ಆದರೆ ಮಗನ ಬದುಕನ್ನು ಈ ಆಶ್ವಾಸನೆಗಳ ಮೇಲೆ ಕಟ್ಟುವ ಧೈರ್ಯ ಯಾವ ತಂದೆಗೂ ಉಳಿದಿಲ್ಲ.

ಈ ಅನಿಶ್ಚಿತತೆಯೇ ನಮ್ಮ ಕುಟುಂಬಗಳನ್ನು ಪದವಿಯ ಕಡೆಗೆ ತಳ್ಳಿತು. "ಕುಲುಮೆಯ ಮುಂದೆ ಬೆವರು ಸುರಿಸಿದ್ದು ನಮ್ಮ ತಲೆಮಾರಿಗೆ ಸಾಕು, ಮಕ್ಕಳು ಮೇಜಿನ ಮುಂದೆ ಕುಳಿತು ದುಡಿಯಲಿ" ಎಂಬ ಹಾರೈಕೆಯಲ್ಲಿ ತಪ್ಪೇನಿದೆ? ಶಂಕರಘಟ್ಟದಲ್ಲಿ 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡಿತು. ಶಿವಮೊಗ್ಗದ ಇಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ವ್ಯವಹಾರ ನಿರ್ವಹಣೆಯ ವಿಭಾಗಗಳು ತೆರೆದವು. ಬಿ.ಕಾಂ., ಬಿ.ಬಿ.ಎಂ., ಅನಂತರ ಎಂ.ಬಿ.ಎ. ಎಂಬ ಮೂರು ಮೆಟ್ಟಿಲುಗಳು ಮಧ್ಯಮ ವರ್ಗದ ರಾಜಮಾರ್ಗವಾದವು.

ಆದರೆ ಈ ಮಾರ್ಗದ ಕೊನೆಯಲ್ಲಿ ಕಾದಿರುವುದೇನು? ಹೆಚ್ಚಿನವರಿಗೆ ದೊರೆಯುವುದು ವಿಮೆ, ಸಾಲ, ಹಣಕಾಸು ಸಂಸ್ಥೆಗಳ ಮಾರಾಟದ ಕೆಲಸ. ತಿಂಗಳ ಗುರಿ ತಲುಪದಿದ್ದರೆ ಕೆಲಸವೇ ಇಲ್ಲ. ಹೀಗಾಗುವುದಕ್ಕೆ ವಿದ್ಯಾರ್ಥಿಯ ದಡ್ಡತನ ಕಾರಣವಲ್ಲ. ನಿರ್ವಹಣಾ ಶಾಸ್ತ್ರವೆಂಬುದು ಮೂಲತಃ ಎರಡನೆಯ ವಿದ್ಯೆ. ನಿರ್ವಹಿಸಲು ಮೊದಲು ಏನಾದರೊಂದು ಇರಬೇಕು: ಯಂತ್ರ, ಆಸ್ಪತ್ರೆ, ತೋಟ, ಗೋದಾಮು, ಗಣಕ ವ್ಯವಸ್ಥೆ. ದೇಶದ ಹೆಸರಾಂತ ನಿರ್ವಹಣಾ ಸಂಸ್ಥೆಗಳ ತರಗತಿಗಳಲ್ಲಿ ಇಂಜಿನಿಯರುಗಳದೇ ಬಹುಕಾಲ ಮೇಲುಗೈಯಾಗಿದ್ದುದು ಆಕಸ್ಮಿಕವಲ್ಲ. ಅವರು ಮೊದಲ ವಿದ್ಯೆಯನ್ನು ಕಲಿತೇ ಎರಡನೆಯದಕ್ಕೆ ಬಂದವರು. ಯೇಸು ಸಭೆಯ ಗುರುಗಳು 1949ರಲ್ಲಿ ಆರಂಭಿಸಿದ ಪ್ರಸಿದ್ಧ ಎಕ್ಸ್.ಎಲ್.ಆರ್.ಐ. ಸಂಸ್ಥೆ ಹುಟ್ಟಿದ್ದು ಉಕ್ಕಿನ ನಗರವಾದ ಜಮ್‌ಶೆಡ್‌ಪುರದಲ್ಲಿ. ಕಾರ್ಖಾನೆಯ ಆಡಳಿತ ಹಾಗೂ ಕಾರ್ಮಿಕ ಸಂಘಟನೆ ಇವೆರಡರ ಪ್ರತ್ಯಕ್ಷ ಸಮಸ್ಯೆಗಳ ನಡುವೆ ಆ ವಿದ್ಯೆ ಬೆಳೆಯಿತು. ನಮ್ಮ ಮಕ್ಕಳಾದರೋ ಎರಡನೆಯ ವಿದ್ಯೆಯನ್ನು ಮೊದಲು ಕಲಿತಿದ್ದಾರೆ. ಈಗ ಅವರು ತಾಂತ್ರಿಕ ಶಿಕ್ಷಣವನ್ನು ಬಯಸುವುದೆಂದರೆ ಹಿಂದಕ್ಕೆ ಹೋಗುವುದಲ್ಲ, ಬಿಟ್ಟುಹೋದ ಮೆಟ್ಟಿಲನ್ನು ಕಟ್ಟಿಕೊಳ್ಳುವುದು.

ಎರಡೂ ವಿದ್ಯೆಗಳು ಒಂದೆಡೆ ಸೇರಿದರೆ ಏನಾಗುತ್ತದೆಂಬುದಕ್ಕೆ ಭದ್ರಾವತಿಯ ಇತಿಹಾಸವೇ ಸಾಕ್ಷಿ. ಕಾರ್ಖಾನೆ ಆರಂಭವಾದ ಹೊತ್ತಿಗೆ ಮೊದಲ ಮಹಾಯುದ್ಧದ ಕಾಲದ ಕಬ್ಬಿಣದ ಬೆಲೆ ಕುಸಿದಿತ್ತು. ಮಲೆನಾಡಿನ ಮರದಿಂದ ಇದ್ದಿಲು ತಯಾರಿಸುವಾಗ ದೊರೆಯುವ ಮೆಥನಾಲ್ ಮೊದಲಾದ ಉಪೋತ್ಪನ್ನಗಳ ಮಾರಾಟದಿಂದ ಖರ್ಚು ತುಂಬಿಕೊಳ್ಳುವ ಎಣಿಕೆಯಿತ್ತು. 1923ರಲ್ಲಿಯೇ ಜರ್ಮನಿಯಲ್ಲಿ ಮರದ ಹಂಗಿಲ್ಲದೆ ಮೆಥನಾಲ್ ತಯಾರಿಸುವ ವಿಧಾನ ಉದ್ಯಮದ ಮಟ್ಟಕ್ಕೆ ಬಂದು, ಜಗತ್ತಿನಾದ್ಯಂತ ಮರದ ಮೆಥನಾಲಿನ ಬೆಲೆ ಇಳಿಯತೊಡಗಿತು. ದೂರದೇಶದ ಹೊಸ ತಂತ್ರಜ್ಞಾನವೊಂದು ನಮ್ಮೂರಿನ ಲೆಕ್ಕವನ್ನು ತಲೆಕೆಳಗು ಮಾಡುವುದು ಇಂದಿನ ಕಥೆಯಷ್ಟೇ ಅಲ್ಲವೆಂಬುದನ್ನು ಗಮನಿಸಬೇಕು. ಅಂಥ ಕಷ್ಟಕಾಲದಲ್ಲಿ, 1923ರಲ್ಲಿ, ದಿವಾನಗಿರಿಯಿಂದ ನಿವೃತ್ತರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿಕೊಂಡು 1929ರವರೆಗೆ ದುಡಿದರು. ಇಂಜಿನಿಯರಾಗಿದ್ದ ಅವರು ಅಲ್ಲಿ ವ್ಯವಹಾರದ ಲೆಕ್ಕವನ್ನು ಹಿಡಿದರು, ವೆಚ್ಚ ಇಳಿಸಿದರು, ದುಬಾರಿ ವಿದೇಶಿ ತಜ್ಞರ ಸ್ಥಾನಗಳಿಗೆ ನಾಡಿನ ಯುವಕರನ್ನು ತರಬೇತುಗೊಳಿಸಿದರು. ಈ ದುಡಿಮೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ಕೈಕಸುಬಿನ ತಾಂತ್ರಿಕ ಶಿಕ್ಷಣ ಸಂಸ್ಥೆಯೊಂದಕ್ಕೆ ಮುಡಿಪಾಗಿಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆಯೇ ಅದು. ವ್ಯವಹಾರ ನಡೆಸಿ ಗಳಿಸಿದ ಹಣ ತಂತ್ರವಿದ್ಯೆಯ ಶಾಲೆಯಾಯಿತು.

ಇಂದಿನ ವಿದ್ಯಮಾನಗಳಿಗೆ ಬರೋಣ. ಪದವಿ ಪಡೆದು ಕೆಲಸ ದೊರೆಯದ ಯುವಜನರ ಸಂಕಟವನ್ನು ಸರಕಾರವೂ ಒಪ್ಪಿಕೊಂಡಿದೆ. ಪದವೀಧರರಿಗೆ ಮಾಸಿಕ 3,000 ರೂಪಾಯಿ ಹಾಗೂ ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಗಳನ್ನು ಗರಿಷ್ಠ ಎರಡು ವರ್ಷ ನೀಡುವ ಯುವನಿಧಿ ಯೋಜನೆಗೆ ರಾಜ್ಯ ಸರಕಾರ 2024ರ ಜನವರಿ 12ರಂದು ಚಾಲನೆ ಕೊಟ್ಟದ್ದು ನಮ್ಮ ಶಿವಮೊಗ್ಗದಲ್ಲಿಯೇ. ಈ ನೆರವು ಸ್ವಾಗತಾರ್ಹ. ಆದರೆ ನಿಯಮದಂತೆ ಉನ್ನತ ವ್ಯಾಸಂಗಕ್ಕೆ ಸೇರಿದವರು ಇದಕ್ಕೆ ಅರ್ಹರಲ್ಲ. ಆದ್ದರಿಂದ ಮೂರು ಸಾವಿರ ರೂಪಾಯಿಗಳ ಆಸೆಗೆ ಕಲಿಕೆಯನ್ನು ಮುಂದೂಡುವುದು ಜಾಣತನವೇ ಎಂಬುದನ್ನು ಪ್ರತಿಯೊಬ್ಬರೂ ತೂಗಿ ನೋಡಬೇಕು. ಭತ್ಯೆ ಎರಡು ವರ್ಷದಲ್ಲಿ ಮುಗಿಯುತ್ತದೆ, ವಿದ್ಯೆ ಹಾಗಲ್ಲ.

ಹಾಗೆಂದು ತಾಂತ್ರಿಕ ಉದ್ಯೋಗವೆಂದರೆ ಸಾಫ್ಟ್‌ವೇರ್ ಮಾತ್ರವೆಂದು ಭಾವಿಸಿ ಎಲ್ಲರೂ ಬೆಂಗಳೂರಿನ ಬಸ್ಸು ಹತ್ತುವುದೂ ಸರಿಯಲ್ಲ. 2023-24ರ ಆರ್ಥಿಕ ವರ್ಷದಲ್ಲಿ ಟಿ.ಸಿ.ಎಸ್., ಇನ್ಫೋಸಿಸ್, ವಿಪ್ರೋ ಈ ಮೂರು ಕಂಪನಿಗಳಲ್ಲಿಯೇ ಒಟ್ಟಾರೆ ನೌಕರರ ಸಂಖ್ಯೆ 60 ಸಾವಿರಕ್ಕೂ ಮಿಕ್ಕಿ ಇಳಿಯಿತು. ಇಂಜಿನಿಯರಿಂಗ್ ಪದವೀಧರರೇ ಸಾಲಿನಲ್ಲಿ ನಿಂತಿರುವಾಗ, ಮೂರು ತಿಂಗಳ ತರಬೇತಿ ಪಡೆದ ಎಂ.ಬಿ.ಎ. ಪದವೀಧರನು ಅವರೊಡನೆ ಅವರದೇ ಕಣದಲ್ಲಿ ಸ್ಪರ್ಧಿಸಿ ಗೆಲ್ಲುವುದು ಕಷ್ಟಸಾಧ್ಯ. ತಾನು ಈಗಾಗಲೇ ಬಲ್ಲ ವಿದ್ಯೆ ಬೆಲೆ ಪಡೆಯುವ ತಾಂತ್ರಿಕ ಕ್ಷೇತ್ರವನ್ನು ಅವನು ಆರಿಸಿಕೊಳ್ಳಬೇಕು.

ಅಂಥ ಕ್ಷೇತ್ರಗಳಿಗೆ ಕೊರತೆಯಿಲ್ಲ. ಊರೂರಿನ ಅಂಗಡಿಗಳಲ್ಲಿ ಬಳಕೆಯಲ್ಲಿರುವ ಟ್ಯಾಲಿ ಎಂಬ ಲೆಕ್ಕಪತ್ರದ ತಂತ್ರಾಂಶ 1986ರಲ್ಲಿ ಬೆಂಗಳೂರಿನಲ್ಲಿ ಗೋಯೆಂಕಾ ತಂದೆ ಮಕ್ಕಳಿಂದ ಆರಂಭವಾದ ಉದ್ಯಮದ ಫಲ. ತಂದೆಗೆ ತಮ್ಮ ವ್ಯಾಪಾರದ ಲೆಕ್ಕಕ್ಕೆ ತಕ್ಕ ತಂತ್ರಾಂಶ ಬೇಕಾಗಿತ್ತು. ಮಗ ಅದನ್ನು ಬರೆದರು. ಲೆಕ್ಕ ಬಲ್ಲವನ ಅಗತ್ಯ ಮತ್ತು ಗಣಕ ಬಲ್ಲವನ ಕೌಶಲ್ಯ ಒಂದೇ ಮನೆಯಲ್ಲಿ ಕೂಡಿದ್ದರ ಫಲವದು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಅಡಿಕೆ ಮಂಡಿಯಿಂದ ಹಿಡಿದು ಎರಕದ ಕಾರ್ಖಾನೆಯವರೆಗೆ ವ್ಯಾಪಾರವೆಲ್ಲ ಗಣಕದ ಮೂಲಕವೇ ಲೆಕ್ಕ ಒಪ್ಪಿಸಬೇಕಾಗಿದೆ. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಂಥ ಕಡೆಗಳಲ್ಲಿ ಉತ್ಪಾದನೆಯ ಯೋಜನೆ, ಗುಣಮಟ್ಟದ ಪರೀಕ್ಷೆ, ದಾಸ್ತಾನಿನ ನಿಯಂತ್ರಣ ಈ ಕೆಲಸಗಳಿಗೆ ಯಂತ್ರದ ಭಾಷೆಯನ್ನೂ ವೆಚ್ಚದ ಭಾಷೆಯನ್ನೂ ಬಲ್ಲವರು ಬೇಕು. ಒಂದು ಎರಕದ ತುಂಡು ಏಕೆ ತಿರಸ್ಕೃತವಾಯಿತೆಂದು ಯಂತ್ರದ ಬಳಿ ನಿಂತು ತಿಳಿಯಬಲ್ಲವನು, ಆ ತಿರಸ್ಕಾರದಿಂದ ತಿಂಗಳಿಗೆ ಎಷ್ಟು ನಷ್ಟವೆಂದು ಕಾಗದದ ಮೇಲೆ ತೋರಿಸಬಲ್ಲವನೂ ಆಗಿದ್ದರೆ, ಅಂಥವನನ್ನು ಯಾವ ಮಾಲೀಕನೂ ಸುಲಭವಾಗಿ ಬಿಟ್ಟುಕೊಡಲಾರನು.

ಇದಕ್ಕೆ ದಾರಿಗಳು ಯಾವುವು? ಪಿ.ಯು.ಸಿ.ಯಲ್ಲಾಗಲಿ ಪದವಿಯಲ್ಲಾಗಲಿ ಗಣಿತವನ್ನು ಓದಿದ ವಾಣಿಜ್ಯ ಪದವೀಧರರಿಗೆ ಎಂ.ಸಿ.ಎ. ವ್ಯಾಸಂಗದ ಬಾಗಿಲು ತೆರೆದಿದೆ. 2020-21ರಿಂದ ಅದರ ಅವಧಿ ಎರಡೇ ವರ್ಷ. ಕೈಕೆಲಸದ ಕಡೆಗೆ ಒಲವುಳ್ಳವರಿಗೆ ಐ.ಟಿ.ಐ.ಗಳಿವೆ. ಅಲ್ಲಿ ಗಣಕ ನಿರ್ವಹಣೆಯ ತರಬೇತಿಗೆ ಒಂದು ವರ್ಷ, ಫಿಟ್ಟರ್ ಅಥವಾ ಎಲೆಕ್ಟ್ರಿಶಿಯನ್ ವೃತ್ತಿಗೆ ಎರಡು ವರ್ಷ. ಎರಡು ವರ್ಷದ ತರಬೇತಿ ಮುಗಿಸಿದವರು ಪಾಲಿಟೆಕ್ನಿಕ್ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ರಾಜ್ಯದ 150 ಸರಕಾರಿ ಐ.ಟಿ.ಐ.ಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ನವೀಕರಿಸಿ ಹೊಸ ಯಂತ್ರಗಳನ್ನು ಅಳವಡಿಸಲಾಗಿದೆ. 1972ರಲ್ಲಿ ಡೆನ್ಮಾರ್ಕ್ ಸರಕಾರದ ನೆರವಿನೊಂದಿಗೆ ಆರಂಭವಾದ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ರಾಜ್ಯದ ಹಲವು ಊರುಗಳಲ್ಲಿ ಕಲಿಸುತ್ತಿದೆ. 1961ರ ಶಿಶಿಕ್ಷು ಕಾಯಿದೆಗೆ 2014ರಲ್ಲಿ ಆದ ತಿದ್ದುಪಡಿಯಿಂದ ಇಂಜಿನಿಯರಿಂಗ್ ಓದದ ಪದವೀಧರರೂ ಭತ್ಯೆ ಪಡೆದು ಉದ್ಯಮಗಳಲ್ಲಿ ಕೆಲಸ ಕಲಿಯಬಹುದಾಗಿದೆ.

ಈ ಬಾಗಿಲುಗಳ ನಡುವೆ ಮೋಸದ ಬಾಗಿಲುಗಳೂ ಇವೆ. "ಆರು ತಿಂಗಳ ತರಬೇತಿ, ನೂರಕ್ಕೆ ನೂರು ಉದ್ಯೋಗ" ಎಂಬ ಜಾಹೀರಾತು ಕಂಡಾಕ್ಷಣ ಒಡವೆ ಅಡವಿಡುವ ತಾಯಂದಿರು ನಮ್ಮಲ್ಲಿದ್ದಾರೆ. ಪೂರ್ತಿ ಹಣವನ್ನು ಒಮ್ಮೆಲೇ ಕೇಳುವವರನ್ನು, ಮೂಲ ಅಂಕಪಟ್ಟಿಗಳನ್ನು ಒತ್ತೆಯಿಟ್ಟುಕೊಳ್ಳುವವರನ್ನು, ಹಿಂದಿನ ವರ್ಷ ಕಲಿತವರ ವಿಳಾಸ ಕೊಡಲು ಹಿಂಜರಿಯುವವರನ್ನು ದೂರವಿಡುವುದೇ ಲೇಸು. ವ್ಯವಹಾರ ಶಾಸ್ತ್ರ ಓದಿದ ಮಗನು ತನ್ನ ಮೊದಲ ಪರೀಕ್ಷೆಯನ್ನು ಇಲ್ಲಿಯೇ ಬರೆಯಲಿ: ಆ ಸಂಸ್ಥೆಯ ಲೆಕ್ಕವನ್ನು ತಾನೇ ವಿಚಾರಿಸಿ ಬರಲಿ.

ಮನೆಯ ಲೆಕ್ಕವನ್ನೂ ಮರೆಯಬಾರದು. ಶಿಕ್ಷಣ ಸಾಲದ ಮರುಪಾವತಿಗೆ ಸಾಮಾನ್ಯವಾಗಿ ವ್ಯಾಸಂಗದ ಅವಧಿ ಮತ್ತು ಅನಂತರದ ಒಂದು ವರ್ಷ ಬಿಡುವು ಇರುತ್ತದೆ. ಬಡ್ಡಿ ಮಾತ್ರ ಬಿಡುವು ಪಡೆಯುವುದಿಲ್ಲ. ಎಂ.ಬಿ.ಎ.ಗಾಗಿ ಐದು ಲಕ್ಷ ರೂಪಾಯಿ ಸಾಲವಿದ್ದು ಬಡ್ಡಿ ನೂರಕ್ಕೆ ಹತ್ತು ಎಂದಿಟ್ಟುಕೊಂಡರೆ, ವರ್ಷಕ್ಕೆ ಐವತ್ತು ಸಾವಿರ ಬಡ್ಡಿಯೇ ಆಯಿತು. ಎರಡು ವರ್ಷದ ಹೊಸ ಕಲಿಕೆಯ ನಿಜವಾದ ಬೆಲೆ ಅದರ ಶುಲ್ಕ ಮಾತ್ರವಲ್ಲ, ಈ ಒಂದು ಲಕ್ಷ ಬಡ್ಡಿ ಮತ್ತು ಆ ಎರಡು ವರ್ಷ ದುಡಿಯದೆ ಕಳೆದುಕೊಂಡ ಸಂಬಳವೂ ಹೌದು. ಆದ್ದರಿಂದ ಹೆಚ್ಚಿನ ಕುಟುಂಬಗಳಿಗೆ ಹಗಲು ದುಡಿದು ಸಂಜೆ ಕಲಿಯುವ ದಾರಿ, ಅಥವಾ ಭತ್ಯೆ ಸಿಗುವ ತರಬೇತಿಯ ದಾರಿ ಹಿತವಾದೀತು. ಯಾವ ದಾರಿ ಹಿಡಿದರೂ ಗಡುವೊಂದನ್ನು ಮೊದಲೇ ಗೊತ್ತುಪಡಿಸಿಕೊಳ್ಳಬೇಕು. ಇಂಥ ದಿನಾಂಕದೊಳಗೆ ಇಷ್ಟು ಕಲಿಯದಿದ್ದರೆ ಮುಂದೇನು ಎಂಬುದನ್ನು ತಂದೆ, ತಾಯಿ, ಮಗ ಕೂಡಿ ಬರೆದಿಟ್ಟುಕೊಂಡರೆ ಅನಂತರದ ಕಹಿ ಮಾತುಗಳು ತಪ್ಪುತ್ತವೆ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು. ಮಗನ ಎರಡನೆಯ ಕಲಿಕೆಗೆ ಒಪ್ಪುವ ಮನೆಗಳಲ್ಲಿಯೂ ಮಗಳು ಅದನ್ನೇ ಕೇಳಿದರೆ "ಮದುವೆಯ ವಯಸ್ಸು ಮೀರುತ್ತದೆ" ಎಂಬ ಉತ್ತರ ಬರುತ್ತದೆ. ಅಪರಿಚಿತರ ಮನೆಬಾಗಿಲಿಗೆ ಅಲೆದು ವಿಮೆ ಮಾರುವ ಕೆಲಸಕ್ಕಿಂತ ಗಣಕದ ಮುಂದೆ ಅಥವಾ ಪ್ರಯೋಗಶಾಲೆಯಲ್ಲಿ ನಿಂತು ಮಾಡುವ ಕೆಲಸ ಮದುವೆಯ ಬಳಿಕವೂ ಕೈಹಿಡಿಯುವಂಥದು ಎಂಬುದನ್ನು ಪಾಲಕರು ಯೋಚಿಸಬೇಕು.

ಕೊನೆಯದಾಗಿ, ನಮ್ಮನ್ನು ತಡೆಯುತ್ತಿರುವುದು ಹಣದ ಚಿಂತೆಗಿಂತ ಹೆಚ್ಚಾಗಿ ಮರ್ಯಾದೆಯ ಚಿಂತೆ. ಎಂ.ಬಿ.ಎ. ಓದಿದವನು ಹತ್ತೊಂಬತ್ತರ ಹುಡುಗರೊಡನೆ ಐ.ಟಿ.ಐ. ಬೆಂಚಿನ ಮೇಲೆ ಕುಳಿತರೆ ನೆಂಟರು ಏನೆಂದಾರು? ಯೇಸುವನ್ನು ಸಾಕಿದ ತಂದೆ ಬಡಗಿಯಾಗಿದ್ದನೆಂದು ಅಭಿಮಾನದಿಂದ ಹೇಳಿಕೊಳ್ಳುವ ನಾವು, ನಮ್ಮ ಮಗ ಉಪಕರಣ ಹಿಡಿದರೆ ತಲೆ ತಗ್ಗಿಸುವುದು ಸರಿಯೇ? ಭದ್ರಾವತಿಯ ಕುಲುಮೆಯ ಮುಂದೆ ನಿಂತು ದುಡಿದವರ ಬೆವರಿನಿಂದಲೇ ಈ ಮಕ್ಕಳ ಪದವಿಯ ಶುಲ್ಕ ಭರ್ತಿಯಾಯಿತು. ಧರ್ಮಕೇಂದ್ರಗಳಲ್ಲಿರುವ ನಿವೃತ್ತ ಕಾರ್ಮಿಕರು, ಅಧ್ಯಾಪಕರು, ಬ್ಯಾಂಕ್ ನೌಕರರು ತಿಂಗಳಿಗೊಮ್ಮೆ ಒಂದು ಸಂಜೆಯನ್ನು ಮೀಸಲಿಟ್ಟು ಯುವಜನರೊಡನೆ ಕುಳಿತರೆ, ಯಾವ ಬಾಗಿಲು ನಿಜ, ಯಾವುದು ಸುಳ್ಳು ಎಂಬುದನ್ನು ತಿಳಿಸಿಕೊಡಲು ಹಣವೇನೂ ಬೇಕಾಗದು. ಹೊಸ ವಿದ್ಯೆ ಕೇಳುವ ಮಗನಿಗೆ "ಓದಿದ್ದು ವ್ಯರ್ಥವಾಯಿತು" ಎನ್ನುವ ಮೊದಲು, "ಯಾವುದನ್ನು, ಎಲ್ಲಿ, ಎಷ್ಟು ದಿನ, ಎಷ್ಟು ಖರ್ಚಿನಲ್ಲಿ ಕಲಿಯುವೆ?" ಎಂದು ಕೇಳೋಣ. ಈ ನಾಲ್ಕು ಪ್ರಶ್ನೆಗಳಿಗೆ ಅವನು ಸಮರ್ಪಕವಾಗಿ ಉತ್ತರಿಸಿದರೆ, ಅವನ ಎಂ.ಬಿ.ಎ. ವ್ಯರ್ಥವಾಗಲಿಲ್ಲವೆಂದು ತಿಳಿಯಬಹುದು.